ಪಾನಮುಕ್ತರ ಪರಸ್ಪರ ಬೆಂಬಲ ಗುಂಪು

ಪಾನಮುಕ್ತರ ಪರಸ್ಪರ ಬೆಂಬಲ ಗುಂಪು ಎಂದರೆ ಮದ್ಯವ್ಯಸನದಿಂದ ಹೊರಬಂದವರು ಮತ್ತು ಹೊರಬರಲು ಬಯಸುವವರು ನಿಗದಿತ ಅವಧಿಗೊಮ್ಮೆ ಒಂದೆಡೆ ಸೇರಿ, ಅನುಭವಗಳನ್ನು ಹಂಚಿಕೊಂಡು, ಕುಡಿಯದೆ ಉಳಿಯಲು ಒಬ್ಬರಿಗೊಬ್ಬರು ನೆರವಾಗುವ ಕೂಟ. ಇಲ್ಲಿ ನೆರವು ನೀಡುವವರು ವೈದ್ಯರಾಗಲಿ ಆಪ್ತಸಮಾಲೋಚಕರಾಗಲಿ ಅಲ್ಲ. ಅದೇ ವ್ಯಸನವನ್ನು ಸ್ವತಃ ಅನುಭವಿಸಿದವರು. ಇಂತಹ ಕೂಟಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಪರಿಚಿತವಾದುದು 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್. ಕರ್ನಾಟಕದ ಗ್ರಾಮೀಣ ಭಾಗಗಳಲ್ಲಿ ಮದ್ಯವರ್ಜನ ಶಿಬಿರಗಳ ಮೂಲಕ ರೂಪುಗೊಂಡ ನವಜೀವನ ಸಮಿತಿಗಳು ಇದೇ ಕಾರ್ಯವನ್ನು ಬೇರೊಂದು ಬಗೆಯಲ್ಲಿ ಮಾಡುತ್ತವೆ. ಈ ಲೇಖನವು ಎರಡೂ ಮಾದರಿಗಳನ್ನು ಪರಿಚಯಿಸಿ, ಚಾಮರಾಜನಗರ ಮತ್ತು ಗುಂಡ್ಲುಪೇಟೆಯಂತಹ ಚಿಕ್ಕ ಊರುಗಳ ಸಂದರ್ಭದಲ್ಲಿ ಅವುಗಳ ಉಪಯೋಗ ಮತ್ತು ಮಿತಿಗಳನ್ನು ವಿವರಿಸುತ್ತದೆ.

## ಹಿನ್ನೆಲೆ

ಮದ್ಯವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ಕಾಯಿಲೆಯೆಂದು ಪರಿಗಣಿಸುತ್ತದೆ. ಕುಡಿತದ ಮೇಲೆ ಹಿಡಿತ ತಪ್ಪುವುದು, ಬದುಕಿನ ಇತರ ಸಂಗತಿಗಳಿಗಿಂತ ಕುಡಿತವೇ ಮುಖ್ಯವಾಗುವುದು, ದೇಹವು ಮದ್ಯಕ್ಕೆ ಒಗ್ಗಿಹೋಗಿ ಅದು ದೊರೆಯದಿದ್ದಾಗ ನಡುಕ, ಬೆವರು, ನಿದ್ರಾಹೀನತೆಗಳು ಕಾಣಿಸಿಕೊಳ್ಳುವುದು ಇದರ ಲಕ್ಷಣಗಳು. ಮಧುಮೇಹ ಅಥವಾ ರಕ್ತದೊತ್ತಡದಂತೆ ಇದು ದೀರ್ಘಕಾಲಿಕವಾದುದು. ಗುಣವಾದಂತೆ ಕಂಡ ಬಳಿಕವೂ ಮರುಕಳಿಸಬಹುದು.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಕುಡಿತದ ಸಮಸ್ಯೆಗೆ ನೆರವಿನ ಅಗತ್ಯವಿದೆ. ಮದ್ಯಾವಲಂಬಿಗಳಲ್ಲಿ ಯಾವುದೇ ಬಗೆಯ ಚಿಕಿತ್ಸೆ ಪಡೆದವರು 38 ಜನರಲ್ಲಿ ಒಬ್ಬರು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯಸಂಬಂಧಿ ಸಮಸ್ಯೆಯುಳ್ಳವರಲ್ಲಿ ಸುಮಾರು ಶೇ. 86ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದಾರೆಂದು ತಿಳಿಸಿತು. ಆಸ್ಪತ್ರೆಗಳಿಂದಲೇ ಈ ಅಂತರವನ್ನು ತುಂಬುವುದು ಕಷ್ಟವಾದ್ದರಿಂದ ಬೆಂಬಲ ಗುಂಪುಗಳಿಗೆ ಮಹತ್ವ ಬಂದಿದೆ.

ಇನ್ನೊಂದು ಕಾರಣವೂ ಇದೆ. ಕುಡಿತವನ್ನು ನಿಲ್ಲಿಸುವುದು ಮತ್ತು ನಿಲ್ಲಿಸಿದ ಸ್ಥಿತಿಯಲ್ಲಿ ಉಳಿಯುವುದು ಎರಡು ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಕೆಲವು ದಿನಗಳ ವೈದ್ಯಕೀಯ ಆರೈಕೆ ಸಾಕಾಗಬಹುದು. ಎರಡನೆಯದು ವರ್ಷಗಟ್ಟಲೆ ನಡೆಯಬೇಕಾದ್ದು. ಅದು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ, ಹಳೆಯ ಗೆಳೆಯರ ನಡುವೆ.

## ಇತಿಹಾಸ

### ಆಲ್ಕೊಹಾಲಿಕ್ಸ್ ಅನಾನಿಮಸ್

1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಷೇರುಪೇಟೆಯ ವೃತ್ತಿಯಲ್ಲಿದ್ದ ಬಿಲ್ ವಿಲ್ಸನ್ ಮತ್ತು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್ ಅವರ ಭೇಟಿಯಿಂದ ಈ ಸಂಘಟನೆ ಹುಟ್ಟಿತು. ಇಬ್ಬರೂ ಮದ್ಯವ್ಯಸನಿಗಳಾಗಿದ್ದರು. ಕುಡಿಯುವ ಬಯಕೆ ಕಾಡಿದಾಗ ಇನ್ನೊಬ್ಬ ವ್ಯಸನಿಯೊಡನೆ ಮಾತನಾಡುವುದರಿಂದ ತಾನೂ ಕುಡಿಯದೆ ಉಳಿಯಬಹುದು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. 1939ರಲ್ಲಿ ಸಂಘಟನೆಯ ಹೆಸರಿನದೇ ಪುಸ್ತಕ ಪ್ರಕಟವಾಗಿ, ಹನ್ನೆರಡು ಹೆಜ್ಜೆಗಳೆಂಬ ಸಾಧನಾಕ್ರಮ ಪ್ರಚಾರಕ್ಕೆ ಬಂತು. ವ್ಯಸನಿಗಳ ಕುಟುಂಬದವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘಟನೆ ಆರಂಭವಾಯಿತು. ಭಾರತದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ 1957ರಿಂದ ಕಾರ್ಯನಿರತವಾಗಿದೆ. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ನಗರಗಳಲ್ಲಿ ಅದರ ಸಭೆಗಳು ನಡೆಯುತ್ತವೆ.

### ಗ್ರಾಮೀಣ ಶಿಬಿರಗಳು

1980ರಲ್ಲಿ ಚೆನ್ನೈನಲ್ಲಿ ಸ್ಥಾಪನೆಯಾದ ಟಿ. ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಷನ್, ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿ 1989ರಿಂದ ಚಿಕಿತ್ಸಾ ಶಿಬಿರಗಳನ್ನು ನಡೆಸಿತು. ರೋಗಿಯನ್ನು ನಗರದ ಆಸ್ಪತ್ರೆಗೆ ಕರೆತರುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯುವುದು, ಊರಿನವರನ್ನೇ ಆತಿಥೇಯರನ್ನಾಗಿ ಮಾಡುವುದು ಈ ಮಾದರಿಯ ವೈಶಿಷ್ಟ್ಯ.

### ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಪಾನವಿರೋಧಿ ಕಾರ್ಯಕ್ಕೆ ಧಾರ್ಮಿಕ ಹಾಗೂ ಸಾಮಾಜಿಕ ಹಿನ್ನೆಲೆ ಎರಡೂ ಇವೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿಯವರು 1970ರ ದಶಕದಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಊರೂರು ತಿರುಗಿ, ಜೋಳಿಗೆ ಒಡ್ಡಿ, ಧನಧಾನ್ಯಕ್ಕೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುವುದು ಅದರ ಕ್ರಮವಾಗಿತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ.

ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಿಂದ ಮೊದಲ್ಗೊಂಡು ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಅದರ ಸಹಯೋಗದಲ್ಲಿ ಜನಜಾಗೃತಿ ವೇದಿಕೆಯು ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ.

ರಾಜ್ಯ ಸರ್ಕಾರವು 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಆದರೆ ಇತರ ಮದ್ಯಗಳ ಮಾರಾಟ ಮುಂದುವರಿದುದರಿಂದ ವ್ಯಸನದ ಸಮಸ್ಯೆ ಕೊನೆಗೊಳ್ಳಲಿಲ್ಲ. 2019ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧವನ್ನು ಆಗ್ರಹಿಸಿ ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದರು.

## ಮದ್ಯವರ್ಜನ ಶಿಬಿರ ಮತ್ತು ನವಜೀವನ ಸಮಿತಿ

ಮದ್ಯವರ್ಜನ ಶಿಬಿರವು ಸಾಮಾನ್ಯವಾಗಿ ಎಂಟು ದಿನಗಳ ವಸತಿ ಶಿಬಿರ. ಊರಿನ ಕಲ್ಯಾಣ ಮಂಟಪ, ಸಮುದಾಯ ಭವನ ಅಥವಾ ದೇವಾಲಯದ ಸಭಾಂಗಣದಲ್ಲಿ ಇದು ನಡೆಯುತ್ತದೆ. ಸ್ಥಳೀಯರಿಂದ ಕೂಡಿದ ವ್ಯವಸ್ಥಾಪನಾ ಸಮಿತಿಯು ಸ್ಥಳ, ಊಟ, ಖರ್ಚುಗಳ ಹೊಣೆ ಹೊರುತ್ತದೆ. ಶಿಬಿರಾಧಿಕಾರಿ, ಆರೋಗ್ಯ ಸಹಾಯಕರು ಮತ್ತು ಆಪ್ತಸಮಾಲೋಚಕರು ಶಿಬಿರಾರ್ಥಿಗಳ ಜೊತೆಗಿರುತ್ತಾರೆ. ದಿನಚರಿಯಲ್ಲಿ ಯೋಗ, ಭಜನೆ, ಗುಂಪು ಸಲಹೆ, ವೈಯಕ್ತಿಕ ಸಲಹೆ ಮತ್ತು ಉಪನ್ಯಾಸಗಳಿರುತ್ತವೆ. ಕುಟುಂಬದವರನ್ನು ಕರೆಸಿ ಅವರೊಡನೆ ಮಾತನಾಡುವುದು ಶಿಬಿರದ ಮುಖ್ಯ ಭಾಗ. ಹಿಂದಿನ ಶಿಬಿರಗಳಲ್ಲಿ ಪಾಲ್ಗೊಂಡು ಕುಡಿತ ಬಿಟ್ಟವರು ಬಂದು ತಮ್ಮ ಕಥೆ ಹೇಳುತ್ತಾರೆ. ಕೊನೆಯ ದಿನ ಶಿಬಿರಾರ್ಥಿಗಳು ಇನ್ನು ಮುಂದೆ ಕುಡಿಯುವುದಿಲ್ಲವೆಂದು ಸಂಕಲ್ಪ ಮಾಡುತ್ತಾರೆ.

ಶಿಬಿರದಿಂದ ಹೊರಬಂದವರನ್ನು ‘ನವಜೀವನ ಸದಸ್ಯರು’ ಎಂದು ಕರೆಯಲಾಗುತ್ತದೆ. ಇವರು ತಮ್ಮ ಊರುಗಳಲ್ಲಿ ನವಜೀವನ ಸಮಿತಿಗಳಾಗಿ ಸಂಘಟಿತರಾಗಿ ನಿಯತವಾಗಿ ಸಭೆ ಸೇರುತ್ತಾರೆ. ಮದ್ಯಮುಕ್ತವಾಗಿ ನೂರು ದಿನ ಪೂರೈಸಿದವರಿಗಾಗಿ ‘ಶತದಿನೋತ್ಸವ’ವನ್ನು ಆಚರಿಸುವ ರೂಢಿಯಿದೆ. ಪ್ರತಿವರ್ಷ ಗಾಂಧಿ ಜಯಂತಿಯ ಸಂದರ್ಭದಲ್ಲಿ ಗಾಂಧಿಸ್ಮೃತಿ ಕಾರ್ಯಕ್ರಮಗಳು ಮತ್ತು ಪಾನಮುಕ್ತರ ಸಮಾವೇಶಗಳು ನಡೆಯುತ್ತವೆ.

ಈ ಕ್ರಮದಲ್ಲಿ ಜನರ ಗಮನ ಸೆಳೆಯುವುದು ಶಿಬಿರವೇ ಆದರೂ, ಪಾನಮುಕ್ತಿ ಉಳಿಯುವುದು ಹೆಚ್ಚಾಗಿ ಅನಂತರದ ಸಭೆಗಳಿಂದ. ಶಿಬಿರದಲ್ಲಿ ಮದ್ಯ ಸಿಗುವುದಿಲ್ಲ. ಸುತ್ತಲಿನವರೆಲ್ಲರ ಗುರಿಯೂ ಒಂದೇ ಆಗಿರುತ್ತದೆ. ಒಂಬತ್ತನೆಯ ದಿನ ಶಿಬಿರಾರ್ಥಿಯು ಹಳೆಯ ಬೀದಿಗೆ, ಹಳೆಯ ಸಾಲಕ್ಕೆ, ಹಳೆಯ ಗೆಳೆಯರ ಬಳಿಗೆ ಮರಳುತ್ತಾನೆ. ಆಗ ಅವನೊಡನೆ ಉಳಿಯುವ ಏಕೈಕ ವ್ಯವಸ್ಥೆ ಎಂದರೆ ಸಮಿತಿ.

## ಎರಡು ಮಾದರಿಗಳ ಹೋಲಿಕೆ

ಆಲ್ಕೊಹಾಲಿಕ್ಸ್ ಅನಾನಿಮಸ್ ಮತ್ತು ನವಜೀವನ ಸಮಿತಿಗಳ ಮೂಲತತ್ತ್ವ ಒಂದೇ: ಪಾನಮುಕ್ತನೊಬ್ಬ ಇನ್ನೊಬ್ಬನಿಗೆ ನೆರವಾಗುತ್ತ ತನ್ನನ್ನೂ ಉಳಿಸಿಕೊಳ್ಳುತ್ತಾನೆ. ರೀತಿಯಲ್ಲಿ ಮಾತ್ರ ಈ ಕೆಳಗಿನ ವ್ಯತ್ಯಾಸಗಳಿವೆ.

* ಗುರುತು: ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಸದಸ್ಯರ ಗುರುತನ್ನು ಹೊರಗೆ ಹೇಳುವಂತಿಲ್ಲ. ನವಜೀವನ ಸದಸ್ಯತ್ವ ಊರಿಗೆಲ್ಲ ತಿಳಿದಿರುತ್ತದೆ, ಸಂಕಲ್ಪವೂ ಬಹಿರಂಗವಾದುದು.
* ಪ್ರವೇಶ: ಮೊದಲನೆಯದಕ್ಕೆ ಕುಡಿತ ನಿಲ್ಲಿಸುವ ಇಚ್ಛೆಯೊಂದೇ ಅರ್ಹತೆ, ಯಾವ ದಿನವಾದರೂ ಸಭೆಗೆ ಹೋಗಬಹುದು. ಎರಡನೆಯದಕ್ಕೆ ಸಾಮಾನ್ಯವಾಗಿ ಶಿಬಿರವೇ ಬಾಗಿಲು.
* ಕುಟುಂಬ: ಮೊದಲನೆಯದರಲ್ಲಿ ಕುಟುಂಬದವರಿಗೆ ಪ್ರತ್ಯೇಕ ಸಂಘಟನೆಯಿದೆ. ಎರಡನೆಯದರಲ್ಲಿ ಶಿಬಿರದ ಹಂತದಿಂದಲೇ ಅವರನ್ನು ಒಳಗೊಳ್ಳಲಾಗುತ್ತದೆ.
* ಆಧ್ಯಾತ್ಮಿಕತೆ: ಮೊದಲನೆಯದು ತನಗಿಂತ ಮಿಗಿಲಾದ ಶಕ್ತಿಯನ್ನು ಅವರವರ ನಂಬಿಕೆಯಂತೆ ಭಾವಿಸಿಕೊಳ್ಳಲು ಬಿಡುತ್ತದೆ. ಎರಡನೆಯದರಲ್ಲಿ ಭಜನೆ, ಶ್ರದ್ಧಾಕೇಂದ್ರಗಳ ಭೇಟಿಯಂತಹ ಸ್ಥಳೀಯ ಭಕ್ತಿಸಂಪ್ರದಾಯದ ಅಂಶಗಳಿವೆ.
* ಹಣಕಾಸು: ಮೊದಲನೆಯದು ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ. ಎರಡನೆಯದು ಊರಿನ ದಾನಿಗಳು ಮತ್ತು ಮಾತೃಸಂಸ್ಥೆಯ ನೆರವನ್ನು ಅವಲಂಬಿಸಿದೆ.

## ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸಂದರ್ಭ

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರವು ರಾಜ್ಯದ ದಕ್ಷಿಣ ತುದಿಯ ಜಿಲ್ಲೆ. ಅದರ ಗುಂಡ್ಲುಪೇಟೆ ತಾಲ್ಲೂಕು ಕೇರಳದ ವಯನಾಡು ಮತ್ತು ತಮಿಳುನಾಡಿನ ನೀಲಗಿರಿ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಮೂರು ರಾಜ್ಯಗಳ ಅಬಕಾರಿ ವ್ಯವಸ್ಥೆಗಳು ಬೇರೆ ಬೇರೆ: ತಮಿಳುನಾಡಿನಲ್ಲಿ ಚಿಲ್ಲರೆ ಮಾರಾಟ ಸರ್ಕಾರಿ ನಿಗಮದ ಕೈಯಲ್ಲಿದೆ, ಕೇರಳದಲ್ಲಿ ಪರವಾನಗಿ ಪಡೆದ ಶೇಂದಿ ಅಂಗಡಿಗಳಿವೆ, ಕರ್ನಾಟಕದಲ್ಲಿ ಖಾಸಗಿ ಪರವಾನಗಿದಾರರ ಜೊತೆಗೆ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳೂ ಇವೆ. ಹೀಗಾಗಿ ಒಂದು ಕಡೆಯ ನಿರ್ಬಂಧವು ಗಡಿಯ ಇನ್ನೊಂದು ಕಡೆಗೆ ಅನ್ವಯಿಸುವುದಿಲ್ಲ.

ಜಿಲ್ಲೆಯಲ್ಲಿ ಅರಿಸಿನ, ಬಾಳೆ, ಈರುಳ್ಳಿ, ಚೆಂಡುಹೂವುಗಳ ಬೇಸಾಯ, ಕರಿಕಲ್ಲಿನ ಗಣಿಗಾರಿಕೆ ಮತ್ತು ಕೂಲಿ ಕೆಲಸ ಮುಖ್ಯ ಜೀವನೋಪಾಯಗಳು. ಕೂಲಿಗಾಗಿ ವಯನಾಡು ಮತ್ತು ಕೊಡಗಿನ ತೋಟಗಳಿಗೆ ಹೋಗುವವರೂ ಇದ್ದಾರೆ. ವಾರಗಟ್ಟಲೆ ಊರು ಬಿಟ್ಟಿರುವ ಇಂತಹವರಿಗೆ ಊರಿನ ಸಭೆಯೊಂದೇ ಸಾಲದು. ಜೊತೆಯಲ್ಲಿ ಹೋಗುವ ಇನ್ನೊಬ್ಬ ಪಾನಮುಕ್ತ ಅಥವಾ ಫೋನಿನಲ್ಲಿ ಸಿಗುವ ಹಿರಿಯ ಸದಸ್ಯ ಬೇಕಾಗುತ್ತದೆ. ಕಾಡಿನಂಚಿನ ಹಾಡಿಗಳಲ್ಲಿ ಮತ್ತು ಸೋಲಿಗರ ಪೋಡುಗಳಲ್ಲಿ ವಾಸಿಸುವವರಿಗೆ ಪಟ್ಟಣದ ಸೇವೆಗಳು ದೂರದವು.

### ಗುಟ್ಟು ಮತ್ತು ಬಹಿರಂಗ

ಅನಾಮಿಕತೆಯ ತತ್ತ್ವ ರೂಪುಗೊಂಡಿದ್ದು ಒಬ್ಬರಿಗೊಬ್ಬರು ಅಪರಿಚಿತರಾಗಿರುವ ನಗರಗಳಲ್ಲಿ. ಗುಂಡ್ಲುಪೇಟೆಯಂತಹ ಊರಿನಲ್ಲಿ ಯಾರು ಎಲ್ಲಿಗೆ ಹೋದರೆಂಬುದು ಸಂಜೆಯೊಳಗೆ ಬೀದಿಗೆ ತಿಳಿಯುತ್ತದೆ. ಕುಡಿತವೂ ಗುಟ್ಟಾಗಿ ಉಳಿದಿರುವುದಿಲ್ಲ. ಇಂತಹ ಕಡೆ ಬಹಿರಂಗ ಸಂಕಲ್ಪಕ್ಕೆ ಒಂದು ಬಲವಿದೆ: ಬಿಟ್ಟಿದ್ದಾನೆಂದು ಊರಿಗೆ ತಿಳಿದಿದ್ದರೆ ಲೋಟ ನೀಡುವವರು ಹಿಂಜರಿಯುತ್ತಾರೆ, ಅಂಗಡಿಯವನು ಸಾಲ ಕೊಡಲು ಯೋಚಿಸುತ್ತಾನೆ, ಹೆಂಡತಿಗೂ ಹಿರಿಯರಿಗೂ ಆಸರೆ ದೊರೆಯುತ್ತದೆ.

ಅದೇ ಬಲವು ಅಪಾಯವೂ ಹೌದು. ಬಹಿರಂಗವಾಗಿ ಬಿಟ್ಟವನು ಮತ್ತೆ ಕುಡಿದರೆ ಅವಮಾನವೂ ಬಹಿರಂಗವಾಗುತ್ತದೆ. ಮುಖ ತೋರಿಸಲಾಗದೆ ಅವನು ಸಭೆಯಿಂದಲೇ ದೂರವಾಗುವ ಸಂಭವವಿದೆ. ಸಭೆಯ ಅಗತ್ಯ ಅವನಿಗೆ ಅತ್ಯಂತ ಹೆಚ್ಚಾಗಿರುವುದು ಆಗಲೇ. ಮಹಿಳೆಯರ ವಿಷಯದಲ್ಲಿ ತೊಂದರೆ ಇನ್ನೂ ತೀವ್ರ. ಕುಡಿಯುವ ಹೆಂಗಸಿನ ಮೇಲೆ ಸಮಾಜ ಹೊರಿಸುವ ಕಳಂಕ ದೊಡ್ಡದಾದ್ದರಿಂದ ಬಹಿರಂಗ ಶಿಬಿರಕ್ಕಿಂತ ಗೋಪ್ಯ ಸಮಾಲೋಚನೆ ಅವರಿಗೆ ಸುಲಭವಾಗಬಹುದು.

### ಸ್ಥಳೀಯ ರೂಢಿಗಳೊಡನೆ ಸಂಬಂಧ

ನಿಯತವಾಗಿ ಸಭೆ ಸೇರುವ ಕ್ರಮ ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಸ್ತ್ರೀಶಕ್ತಿ ಗುಂಪುಗಳು ಮತ್ತು ಸ್ವಸಹಾಯ ಸಂಘಗಳಲ್ಲಿ ಮಹಿಳೆಯರು ಅದನ್ನು ರೂಢಿಸಿಕೊಂಡಿದ್ದಾರೆ. ಬೇಸಾಯದಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಅದಕ್ಕೆ ಪ್ರತಿಯಾಗಿ ಅವರಿಂದ ದುಡಿಮೆಯನ್ನೇ ಪಡೆಯುವ ಮುಯ್ಯಾಳು ಪದ್ಧತಿಯೂ ಹಳೆಯದು. ಪಾನಮುಕ್ತರ ಸಭೆಯನ್ನು ಇದರ ಮೂಲಕ ಸುಲಭವಾಗಿ ಅರ್ಥಮಾಡಿಕೊಳ್ಳಬಹುದು: ಇಂದು ನನ್ನ ಕಷ್ಟದ ದಿನ ನೀನು ಬಂದೆ, ನಾಳೆ ನಿನ್ನ ಕಷ್ಟದ ದಿನ ನಾನು ಬರುತ್ತೇನೆ. ಇದು ದಾನವಲ್ಲ, ವಿನಿಮಯ. ಆದ್ದರಿಂದ ಪಡೆಯುವವನು ಸಣ್ಣವನಾಗುವುದಿಲ್ಲ.

## ಮರುಕಳಿಕೆ ಮತ್ತು ಮುನ್ನೆಚ್ಚರಿಕೆ

ಮತ್ತೆ ಕುಡಿತಕ್ಕೆ ಬೀಳುವುದನ್ನು ಮರುಕಳಿಕೆ ಎನ್ನುತ್ತಾರೆ. ಅದು ಇದ್ದಕ್ಕಿದ್ದಂತೆ ನಡೆಯುವುದು ಅಪರೂಪ. ಸಭೆಗೆ ಹೋಗುವುದನ್ನು ನಿಲ್ಲಿಸುವುದು, ಹಳೆಯ ಕುಡುಕ ಗೆಳೆಯರನ್ನು ಹುಡುಕಿಕೊಂಡು ಹೋಗುವುದು, ಮನೆಯಲ್ಲಿ ವಿನಾಕಾರಣ ಸಿಡುಕುವುದು, ಇನ್ನು ಸ್ವಲ್ಪ ಕುಡಿದರೂ ನಿಭಾಯಿಸಬಲ್ಲೆನೆಂಬ ವಿಶ್ವಾಸ ಬರುವುದು ಅದರ ಪೂರ್ವಸೂಚನೆಗಳು. ಹಸಿವು, ಸಿಟ್ಟು, ಒಂಟಿತನ, ದಣಿವು ಎಂಬ ನಾಲ್ಕು ಸ್ಥಿತಿಗಳಲ್ಲಿ ಬಯಕೆ ಹೆಚ್ಚುತ್ತದೆಂದು ಬೆಂಬಲ ಗುಂಪುಗಳಲ್ಲಿ ಎಚ್ಚರಿಸಲಾಗುತ್ತದೆ.

ಹಳೆಯ ಮೈಸೂರು ಭಾಗದಲ್ಲಿ ಕೆಲವು ಸಂದರ್ಭಗಳು ವಿಶೇಷವಾಗಿ ಅಪಾಯಕರ: ಯುಗಾದಿಯ ಮರುದಿನದ ಹೊಸತೊಡಕು, ಮದುವೆಯ ನಂತರದ ಬೀಗರ ಔತಣ, ಮಾರಿಹಬ್ಬ, ತಿಥಿಯ ಊಟ, ಕೂಲಿ ಬಟವಾಡೆಯ ದಿನ, ಬೆಳೆ ಮಾರಿ ಹಣ ಕೈಗೆ ಬಂದ ಸಂಜೆ. ಇಂತಹ ದಿನಗಳಿಗೆ ಮುಂಚಿತವಾಗಿಯೇ ಯೋಜನೆ ಮಾಡಿಕೊಳ್ಳುವುದು ಉಪಯುಕ್ತ. ಔತಣಕ್ಕೆ ಇನ್ನೊಬ್ಬ ಪಾನಮುಕ್ತನ ಜೊತೆ ಹೋಗುವುದು, ಊಟ ಮುಗಿದೊಡನೆ ಹೊರಡುವುದು, ಬಟವಾಡೆಯ ಹಣವನ್ನು ಮನೆಯವರ ಕೈಗೆ ತಲುಪಿಸುವುದು, ಕರೆದವರಿಗೆ ಏನು ಹೇಳಬೇಕೆಂದು ಮೊದಲೇ ನಿರ್ಧರಿಸುವುದು ಸರಳ ಉಪಾಯಗಳು. ಜೀವನಪೂರ್ತಿ ಕುಡಿಯುವುದಿಲ್ಲವೆಂಬ ಭಾರಕ್ಕಿಂತ ಈ ಒಂದು ದಿನ ಕುಡಿಯುವುದಿಲ್ಲವೆಂಬ ನಿಶ್ಚಯ ಹಗುರವೆಂಬುದು ಈ ಗುಂಪುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು.

ಮರುಕಳಿಸಿದವರನ್ನು ಹೊರಹಾಕದೆ, ಛೇಡಿಸದೆ ಮತ್ತೆ ಸೇರಿಸಿಕೊಳ್ಳುವುದು ಗುಂಪಿನ ಮುಖ್ಯ ಕರ್ತವ್ಯ. ಒಂದು ಸಲದ ಸೋಲಿನಿಂದ ಹಿಂದಿನ ದಿನಗಳ ಸಾಧನೆ ವ್ಯರ್ಥವಾಗುವುದಿಲ್ಲ.

## ವೈದ್ಯಕೀಯ ಎಚ್ಚರಿಕೆ

ಬಹುಕಾಲ ವಿಪರೀತವಾಗಿ ಕುಡಿದವರು ಒಮ್ಮೆಗೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಕೊನೆಯ ಬಾರಿ ಕುಡಿದ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆಗಳು ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾದ ಮೇಲೆ ಗೊಂದಲ, ಇಲ್ಲದ್ದು ಕಾಣುವುದು, ಜ್ವರ, ತೀವ್ರ ಚಡಪಡಿಕೆಗಳಿಂದ ಕೂಡಿದ ಸನ್ನಿ ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಅದಕ್ಕೆ ತುರ್ತು ಆಸ್ಪತ್ರೆ ಚಿಕಿತ್ಸೆ ಬೇಕು. ಆದ್ದರಿಂದ ಶಿಬಿರಕ್ಕೆ ಸೇರುವ ಅಥವಾ ಮನೆಯಲ್ಲಿಯೇ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಹಿಂದೆ ಫಿಟ್ಸ್ ಬಂದವರು, ಯಕೃತ್ತಿನ ಅಥವಾ ಹೃದಯದ ಕಾಯಿಲೆಯುಳ್ಳವರು ಆಸ್ಪತ್ರೆಯಲ್ಲಿಯೇ ನಿಲ್ಲಿಸುವುದು ಕ್ಷೇಮ.

ಬಯಕೆ ತಗ್ಗಿಸುವ ಔಷಧಗಳೂ ಇವೆ. ಅವನ್ನು ಸಭೆಗಳ ಜೊತೆಯಲ್ಲಿಯೇ ಸೇವಿಸಬಹುದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಸೇವಿಸಿದವರು ಕುಡಿದರೆ ತೀವ್ರ ಪ್ರತಿಕ್ರಿಯೆ ಉಂಟಾಗುವುದರಿಂದ, ಅದನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡುವುದು ಅಪಾಯಕಾರಿ.

## ಪರಿಣಾಮ

2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 27 ಅಧ್ಯಯನಗಳನ್ನೂ ಅವುಗಳಲ್ಲಿದ್ದ 10,565 ಜನರನ್ನೂ ಪರಿಗಣಿಸಿತು. ಆಲ್ಕೊಹಾಲಿಕ್ಸ್ ಅನಾನಿಮಸ್‌ಗೆ ಸೇರಿಸುವ ವ್ಯವಸ್ಥಿತ ಚಿಕಿತ್ಸಾಕ್ರಮವನ್ನು ಅನುಸರಿಸಿದವರಲ್ಲಿ ಒಂದು ವರ್ಷದ ನಂತರ ಸುಮಾರು ಶೇ. 42ರಷ್ಟು ಜನ ಸಂಪೂರ್ಣ ಪಾನಮುಕ್ತರಾಗಿದ್ದರು. ಇತರ ಮನಶ್ಶಾಸ್ತ್ರೀಯ ಚಿಕಿತ್ಸೆಗಳಲ್ಲಿ ಈ ಪ್ರಮಾಣ ಸುಮಾರು ಶೇ. 35. ಈ ಅಧ್ಯಯನಗಳು ಹೆಚ್ಚಾಗಿ ಪಾಶ್ಚಾತ್ಯ ದೇಶಗಳಲ್ಲಿ ನಡೆದವಾದ್ದರಿಂದ ಫಲಿತಾಂಶವನ್ನು ಕರ್ನಾಟಕದ ಹಳ್ಳಿಗಳಿಗೆ ನೇರವಾಗಿ ಅನ್ವಯಿಸಲಾಗದು. ಬೆಂಬಲ ಗುಂಪಿಗೆ ಸೇರಿದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಒಂದು ವರ್ಷದೊಳಗೆ ಎಡವಿದ್ದಾರೆಂಬುದನ್ನೂ ಇದೇ ಅಂಕಿಗಳು ತಿಳಿಸುತ್ತವೆ.

## ಟೀಕೆಗಳು

ಧಾರ್ಮಿಕ ಸ್ವರೂಪದ ಕಾರ್ಯಕ್ರಮಗಳು ನಂಬಿಕೆಯಿಲ್ಲದವರಿಗೂ ಅನ್ಯ ಮತದವರಿಗೂ ಇರುಸುಮುರುಸು ಉಂಟುಮಾಡಬಹುದೆಂಬ ಆಕ್ಷೇಪ ಎರಡೂ ಮಾದರಿಗಳ ಬಗ್ಗೆ ಇದೆ. ವ್ಯಸನವನ್ನು ಕಾಯಿಲೆಯಾಗಿ ಕಾಣದೆ ನೈತಿಕ ದೋಷವಾಗಿ ಕಂಡರೆ ವ್ಯಸನಿಯ ಅಪರಾಧಪ್ರಜ್ಞೆ ಹೆಚ್ಚುತ್ತದೆಂಬುದು ಇನ್ನೊಂದು ಟೀಕೆ. ಅಬಕಾರಿ ಸುಂಕವು ರಾಜ್ಯದ ಪ್ರಮುಖ ಆದಾಯ ಮೂಲಗಳಲ್ಲಿ ಒಂದಾಗಿರುವಾಗ, ಕುಡಿತ ಬಿಡುವ ಹೊಣೆಯನ್ನು ವ್ಯಕ್ತಿ ಮತ್ತು ಊರಿನ ಮೇಲಷ್ಟೇ ಹೊರಿಸುವುದು ಸರಿಯಲ್ಲವೆಂಬ ವಾದವೂ ಇದೆ.

## ನೆರವು ಪಡೆಯುವ ಬಗೆ

ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಬೋಧನಾ ಆಸ್ಪತ್ರೆಯ ಮನೋರೋಗ ವಿಭಾಗ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಿಲ್ಲೆಯಲ್ಲಿ ಲಭ್ಯವಿರುವ ಸರ್ಕಾರಿ ಸೇವೆಗಳು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸಲಾಗುತ್ತದೆ. ಹೆಚ್ಚಿನ ಚಿಕಿತ್ಸೆಗೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮದ್ಯವರ್ಜನ ಶಿಬಿರಗಳ ಮಾಹಿತಿಯು ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿಗಳಲ್ಲಿ ದೊರೆಯುತ್ತದೆ. ವ್ಯಸನಿಯು ಇನ್ನೂ ಒಪ್ಪದಿದ್ದರೂ ಕುಟುಂಬದವರು ತಾವಾಗಿಯೇ ಈ ಸೇವೆಗಳಿಂದ ಸಲಹೆ ಪಡೆಯಬಹುದು.

## ಇವನ್ನೂ ನೋಡಿ

* ಮದ್ಯವ್ಯಸನ
* ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ
* ನಿಮ್ಹಾನ್ಸ್
* ಚಾಮರಾಜನಗರ ಜಿಲ್ಲೆ
* ಗುಂಡ್ಲುಪೇಟೆ